ಚೆನ್ನಿಯ ಪಥ್ಯ

ಪ್ರೀತಿ ಉಕ್ಕಿದಾಗ ನಮ್ಮ ಕಡೆಯವರಿಗೆ ಬಾಯಲ್ಲಿ ಮಾತು ಬರುವುದಿಲ್ಲ, ಕೈ ಡಬ್ಬಕ್ಕೆ ಹೋಗುತ್ತದೆ. ನಮ್ಮವ್ವನ ಕೈ ಹೋಗುತ್ತಿದ್ದದ್ದು ಕೊಬ್ಬರಿ ಡಬ್ಬಕ್ಕೆ. ಎಪ್ಪತ್ತರ ದಶಕದ ಕೊನೆಯಲ್ಲಿ, ನಾವು ಕಡೂರಿನಲ್ಲಿದ್ದಾಗ, ಆ ಪ್ರೀತಿಯ ಬಹುಪಾಲು ಸಂದದ್ದು ಚೆನ್ನಿ ಎಂಬ ಗಿಣಿಗೆ. ಸಖರಾಯಪಟ್ಟಣದಲ್ಲಿ ನನ್ನ ಹೆಂಡತಿಯ ತವರಿನ ತೋಟದಲ್ಲಿ ಒಣಗಿದ ತೆಂಗಿನ ಮರ ಉರುಳಿದಾಗ ಪೊಟರೆಯಲ್ಲಿ ಸಿಕ್ಕ ಮರಿ ಅವಳು. "ಅವ್ವಾ, ಕೊಬ್ಬರಿ" ಎನ್ನುವುದನ್ನು ಬಿಟ್ಟರೆ ಬೇರೆ ಮಾತು ಕಲಿಯಲಿಲ್ಲ, ಅಗತ್ಯವೂ ಬೀಳಲಿಲ್ಲ. ಹೊತ್ತುಹೊತ್ತಿಗೆ ಕೊಬ್ಬರಿ, ನಡುವೆ ಬಾಯಾಡಿಸಲು ಹುರಿದ ಕಡಲೆಕಾಯಿ.

ಚೆನ್ನಿ ಮೊದಲು ದುಂಡಗಾದಳು. ಆಮೇಲೆ ಪಂಜರದ ಕಡ್ಡಿ ಹತ್ತುವುದಕ್ಕೇ ಏದುಸಿರು ಬಿಡತೊಡಗಿದಳು. ಕತ್ತಿನ ಪುಕ್ಕವೆಲ್ಲ ಉದುರಿ ತೊಗಲು ಕಾಣಿಸಿತು. ಗಾಬರಿಯಾಗಿ ದನದ ಆಸ್ಪತ್ರೆಗೆ ಒಯ್ದೆ. ಎಮ್ಮೆದೊಡ್ಡಿ ಕಾವಲಿನಲ್ಲಿ ಮೇಯುವ ಹೋರಿಗಳಿಗೆ ಮದ್ದು ಹಾಕಿ ಪಳಗಿದ್ದ ಡಾಕ್ಟರು ಚೆನ್ನಿಯ ಎದೆಯನ್ನು ಒಂದೇ ಬೆರಳಿನಿಂದ ಮುಟ್ಟಿ ನೋಡಿದರು.

"ಒಳಗೆಲ್ಲಾ ಕೊಬ್ಬು ತುಂಬ್ಕೊಂಡಿದೆ ಕಣ್ರೀ. ಪುಕ್ಕ ಹುಟ್ಟೋಕೆ ಪ್ರೋಟೀನ್ ಬೇಕು, ಅದು ಸಾಕಾಗಿಲ್ಲ. ಹೀಗೇ ಬಿಟ್ರೆ ಉಳಿಯಲ್ಲ. ಬೇಯಿಸಿದ ಮೊಟ್ಟೆ ಒಂದು ಚೂರು ಕೊಡಿ."

ಮನೆಯಲ್ಲಿ ಈ ಮಾತನ್ನು ಎಷ್ಟು ಮೆತ್ತಗೆ ಹೇಳಿದರೂ ಅವ್ವನ ಮುಖ ಕಲ್ಲಾಯಿತು. "ಲಿಂಗಪೂಜೆ ನಡೆಯೋ ಮನೆಗೆ ಮೊಟ್ಟೆ ತರ್ತೀಯೇನೋ? ಅದೇನೋ ಅಂದ್ಯಲ್ಲ, ಅದು ಕಾಳಲ್ಲಿ ಇಲ್ವಂತಾ? ಕೇಳ್ಕೊಂಡು ಬಾ, ಹೋಗು."

ಮತ್ತೆ ಹೋದೆ. ಡಾಕ್ಟರು ನಕ್ಕು, ಮೊಳಕೆ ಬಂದ ಹೆಸರುಕಾಳು, ಬೇಯಿಸಿದ ಕಡಲೆಕಾಳು ಕೊಡಿ, ಕೊಬ್ಬರಿ ಮಾತ್ರ ಬೇಡ ಎಂದರು.

ಚೆನ್ನಿ ಮೊಳಕೆಕಾಳನ್ನು ಕೊಕ್ಕಿನಲ್ಲಿ ಎತ್ತಿ ಅವ್ವನ ಮುಖಕ್ಕೇ ಎಸೆದಳು. ದಿನವಿಡೀ "ಅವ್ವಾ, ಕೊಬ್ಬರಿ" ಎಂದು ಕೂಗಿದಳು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, "ಬ್ಯಾಡ ಕಣೇ ನನ್ನವ್ವ, ಸತ್ತೋಗ್ತೀಯ" ಎಂದು ಮುಖ ತಿರುಗಿಸುತ್ತಿದ್ದಳು. ಚೆನ್ನಿ ವಾಸನೆ ಹಿಡಿದಾಳೆಂದು ಮನೆಮಂದಿಗೂ ಕೊಬ್ಬರಿ ನಿಂತಿತು. ಕೊನೆಗೆ ಹಸಿವು ಗೆದ್ದು, ಚೆನ್ನಿ ಒಂದು ಕಾಳನ್ನು ನುಂಗಿದಳು.

ಒಂದು ಬೆಳಿಗ್ಗೆ ಅವ್ವ ನಮ್ಮನ್ನು ಪಿಸುದನಿಯಲ್ಲಿ ಕರೆದಳು. ಬೋಳು ಕತ್ತಿನ ತುಂಬ ಅಕ್ಕಿನುಚ್ಚಿನಂಥ ಬಿಳಿ ಮೊನೆಗಳು. ಕೆಲವೇ ದಿನಗಳಲ್ಲಿ ಒಂದೊಂದು ಮೊನೆಯೂ ಬಿರಿದು, ಒಳಗಿಂದ ಮಡಿಸಿಟ್ಟ ಹಸಿರು ಬಿಚ್ಚಿಕೊಂಡಿತು. ಬಿಸಿಲು ಬಿದ್ದ ಕಡೆ ಅದರಲ್ಲಿ ನೀಲಿಯೂ ಇತ್ತು. ನಾವು ಮೂವರೂ ಪಂಜರಕ್ಕೆ ಮುಖ ಹಚ್ಚಿ ನೋಡಿದೆವು.

"ಇಷ್ಟು ಚೆಂದ ಆ ಕಾಳೊಳಗೆ ಎಲ್ಲಿತ್ತು ಕಣೋ?" ಎಂದಳು ಅವ್ವ. ಓದಿದವನೆಂದು ನನ್ನನ್ನು ಕೇಳಿದ್ದಳು; ನಾನು ಒಂದು ಕಾಳನ್ನೆತ್ತಿ ತಿರುಗಿಸಿ ತಿರುಗಿಸಿ ನೋಡಿದೆ. ಮುಂದಿನ ತಿಂಗಳು ಚೆನ್ನಿ ಪಂಜರದಿಂದ ಬಾಗಿಲ ತಲೆಗೆ ಒಂದೇ ನೆಗೆತಕ್ಕೆ ಹಾರಿದಳು.

ಆ ಬೆರಗಿನಲ್ಲೇ ನಾನೂ ದಿನಾ ಒಂದು ಹಿಡಿ ಮೊಳಕೆಕಾಳು ತಿನ್ನತೊಡಗಿದೆ. ನನ್ನ ತಲೆಯೂ ಆಗಲೇ ನುಣ್ಣಗೆ ಬೋಳಾಗಿತ್ತು. ಹೊಟ್ಟೆ ಉಬ್ಬರಿಸಿತೇ ಹೊರತು ಒಂದು ಕೂದಲೂ ಹುಟ್ಟಲಿಲ್ಲ. ಕನ್ನಡಿ ಮುಂದೆ ನಿಂತಿದ್ದವನನ್ನು ಹೆಂಡತಿ ಹಿಂದಿನಿಂದ ನೋಡಿ ಹೇಳಿದಳು: "ಕತ್ತಿನ ಹತ್ರಾನೂ ಒಂದ್ಸಲ ನೋಡ್ಕೊಳ್ರೀ, ಹಸಿರು ಬಂದಿದ್ಯೋ ಏನೋ."