ಕೇರಿ ಚರ್ಚಿನ ನಾಮಕರಣ

ನಮ್ಮ ಸೋದರತ್ತೆಯ ಬಾಯಿಗೆ ಹೆದರಿ ದೇವರೇ ಆಗಾಗ ನಮ್ಮೂರು ಮಸ್ಕಿ ಬಿಟ್ಟು ಸಿಂಧನೂರಿಗೆ ಹೋಗಿ ಇದ್ದು ಬರುತ್ತಾನೆಂದು ನನ್ನ ಬಲವಾದ ಗುಮಾನಿ! ನಾವು ಪ್ರಾರ್ಥನೆಯಲ್ಲಿ ಬೇಡಿಕೊಳ್ಳುತ್ತೇವೆ. ಅವಳು ತರಾಟೆಗೆ ತೆಗೆದುಕೊಳ್ಳುತ್ತಾಳೆ. "ಮೊಣಕಾಲು ನೋಯಾಕತ್ತಾವ ಅಂತ ಹೋದ ವಾರನ ಹೇಳಿದ್ನಲ್ಲಾ, ಕಿವಿ ಕೇಳಂಗಿಲ್ಲೇನು ನಿನಗ?" ಎಂದು ತುಂಬಿದ ಚರ್ಚಿನಲ್ಲಿ ಗಟ್ಟಿಯಾಗಿ ಕೇಳುವ ಹೆಂಗಸನ್ನು ನೀವೆಲ್ಲಾದರೂ ಕಂಡಿದ್ದೀರಾ?

ಪಾದ್ರಿಗಳ ಪ್ರಾರ್ಥನೆ ಉದ್ದವಾಯಿತು ಅನ್ನಿಸಿದರೆ ನಡುವೆಯೇ "ಆಮೆನ್!" ಎಂದು ಮುಗಿಸಿಬಿಡುತ್ತಾಳೆ. ಒಮ್ಮೆ ಲಿಂಗಸುಗೂರಿನಿಂದ ಬಂದಿದ್ದ ಬೋಧಕರೊಬ್ಬರು ಕಣ್ಣುಮುಚ್ಚಿ ಲೋಕಶಾಂತಿಗಾಗಿ ಮೊರೆಯಿಡುತ್ತಿದ್ದರು. ಅತ್ತೆಯ ಆಮೆನ್ ಬಿತ್ತು. ಅವರು ಕಣ್ಣು ಬಿಟ್ಟಾಗ ಸಭೆ ಅಂಗಳದಲ್ಲಿ ಚಪ್ಪಲಿ ಹುಡುಕುತ್ತಿತ್ತು!

ಇಂಥವಳಿರುವ ಚರ್ಚಿಗೆ ಹೊಸ ಹೆಸರಿಡುವ ಕಾಲ ಬಂತು. ತಗಡಿನ ಚಾವಣಿ ಹೋಗಿ ಕಾಂಕ್ರೀಟು ಬಂದಿತ್ತು. ನಮ್ಮ ಮಕ್ಕಳು ಮೇಷ್ಟ್ರು, ನರ್ಸು, ಗುಮಾಸ್ತರಾಗಿದ್ದರು. ಕಾಲುವೆ ಕಡೆಯ ತೆಲುಗು ಕುಟುಂಬಗಳೂ ಬರತೊಡಗಿದ್ದವು. ಆದರೆ ಊರ ಬಾಯಲ್ಲಿ ನಮ್ಮದು ಇನ್ನೂ 'ಕೇರಿ ಚರ್ಚು'. ನಮ್ಮ ಕಡೆ ಯಾರಾದರೂ "ನಿಮ್ಮ ಮನಿ ಕೇರ್‍ಯಾಗೇನು?" ಎಂದರೆ ಅವರು ಕೇಳುತ್ತಿರುವುದು ವಿಳಾಸವನ್ನಲ್ಲ, ಜಾತಿಯನ್ನು!

ಹೆಸರು ಬದಲಿಸಲು ಮುಂದಾದವರು ಚರ್ಚಿನ ಕಾರ್ಯದರ್ಶಿ. ಕೇರಿಯಲ್ಲೇ ಹುಟ್ಟಿ, ಅತ್ತೆಯನ್ನು 'ಅಕ್ಕಾ' ಎನ್ನುತ್ತ ಬೆಳೆದ ಮೇಷ್ಟ್ರು. ನಿವೃತ್ತರಾಗಿ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿದ್ದರು. ಆರಾಧನೆ ಮುಗಿದ ಮೇಲೆ ಸಭೆ ಕರೆದರು. ಒಬ್ಬರು ತೆಲುಗಿನ ಹೆಸರು ಹೇಳಿದರು, ಒಬ್ಬರು ಇಂಗ್ಲಿಷಿನದು. ಒಬ್ಬರಿಗೆ 'ಮಂದಿರ' ಬೇಕು, ಇನ್ನೊಬ್ಬರಿಗೆ 'ಚರ್ಚ್' ಬಿಡಲು ಮನಸ್ಸಿಲ್ಲ.

ಅತ್ತೆ ಎದ್ದಳು. "ಮಂದಿರ ಅಂದ್ರ ಅವರು ಬೈತಾರ, ಚರ್ಚು ಅಂದ್ರ ಇವರು ಬೈತಾರ. 'ಕಿರಾಣಿ ಅಂಗಡಿ' ಅಂತ ಬರಸ್ರಿ, ಯಾರೂ ಕಲ್ಲು ಒಗಿಯಂಗಿಲ್ಲ."

ಯಾರೂ ನಗಲಿಲ್ಲ. ಕಾರ್ಯದರ್ಶಿ ತಗ್ಗಿದ ದನಿಯಲ್ಲಿ, "ಅಕ್ಕಾ, ಮಕ್ಕಳ ಲಗ್ನ ಆಗ್ಬೇಕು. 'ಕೇರಿ' ಅನ್ನೋದು ಹೋಗ್ಲಿ ಬಿಡು" ಎಂದರು.

"ಹೆಸರಿನ್ಯಾಗಿಂದ ಹೋಗ್ತದಪ್ಪಾ, ಮಂದಿ ತಲ್ಯಾಗಿಂದ ಹೋಗ್ತದೇನು?" ಎಂದಳು ಅತ್ತೆ.

ಕೈ ಎತ್ತಿಸಿದರು. ಅತ್ತೆ ಸೋತಳು. 'ಉದಯಕಿರಣ ಆರಾಧನಾಲಯ' ಎಂಬ ಬೋರ್ಡು ಏರಿತು. ಮುಂದಿನ ವಾರ ಅತ್ತೆ ಬೋರ್ಡಿನ ಕೆಳಗೆ ನಿಂತು, "ಎಷ್ಟು ಉದ್ದ ಐತಿ! ಇದನ್ನ ಓದಿ ಮುಗಿಸೋದ್ರಾಗ ಪ್ರಸಂಗ ಹೇಳೋ ಪಾದ್ರಿ ಮನಿಗೆ ಹೋಗಿರ್ತಾನ" ಎಂದು ಬೈದು ಒಳಗೆ ಹೋದಳು.

ಆಮೇಲೆ ಕಾರ್ಯದರ್ಶಿಯ ಮಗಳಿಗೆ ಲಿಂಗಸುಗೂರಿನ ಗಂಡು ಗೊತ್ತಾಗುವುದರಲ್ಲಿತ್ತು. ಹುಡುಗಿ ಸಿಂಧನೂರಿನಲ್ಲಿ ನರ್ಸು. ಗಂಡಿನವರೂ ಕ್ರೈಸ್ತರೇ; ಅದೇ ಭಾನುವಾರ, ಅದೇ ಏಸು, ಅದೇ ಹಾಡುಗಳು. ಹೆಣ್ಣು ನೋಡಲು ಕಾರಿನಲ್ಲಿ ಬಂದವರು ಬಸ್‌ಸ್ಟ್ಯಾಂಡಿನ ಪಾನ್ ಅಂಗಡಿಯಲ್ಲಿ ದಾರಿ ಕೇಳಿದರು. ಕಾರ್ಯದರ್ಶಿ ಚರ್ಚಿನ ಮುಂದೆ ಕಾಯುತ್ತೇನೆಂದಿದ್ದರಲ್ಲ!

"ಉದಯಕಿರಣಾ? ಅಂಥಾದ್ದು ಇಲ್ಲಿಲ್ಲರೀ" ಎಂದ ಅಂಗಡಿಯವನು ಸ್ವಲ್ಪ ಯೋಚಿಸಿ, "ಓ, ಕೇರಿ ಚರ್ಚಾ! ಹಂಗ ಹೇಳ್ಬೇಕಲ್ರೀ!" ಎಂದು ಉತ್ಸಾಹದಿಂದ ಕೈ ತೋರಿಸಿದ.

ಕಾರು ಸ್ವಲ್ಪ ಹೊತ್ತು ನಿಂತಿತು. ತಿರುಗಿತು. ಲಿಂಗಸುಗೂರಿನ ದಾರಿ ಹಿಡಿಯಿತು. "ಮತ್ತೊಮ್ಮೆ ನೋಡೋಣ್ರೀ" ಎಂದು ಫೋನು ಬಂತು. ಮತ್ತೊಮ್ಮೆ ಅಂದರೆ ಏನೆಂದು ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಸುದ್ದಿ ಕೇಳಿದ ಅತ್ತೆ ಒಳ್ಳೆ ಸೀರೆ ಉಟ್ಟು ಕಾರ್ಯದರ್ಶಿಯ ಮನೆಗೆ ಹೊರಟಳು. ಗೆದ್ದವಳಂತೆ ಚುಚ್ಚಿ ಮಾತಾಡಲು ಹೊರಟಳಲ್ಲಪ್ಪಾ ಎಂದು ಗಾಬರಿಯಾಗಿ ನಾನೂ ಹಿಂದೆ ಓಡಿದೆ. ಬಾಗಿಲಲ್ಲಿದ್ದ ಕಾರ್ಯದರ್ಶಿ ಅವಳನ್ನು ಕಂಡು ತಲೆ ತಗ್ಗಿಸಿದರು. ಅವಳು ಅವರ ಮುಖ ಸಹ ನೋಡದೆ ಅಡುಗೆಮನೆಗೆ ನುಗ್ಗಿದಳು.

ಹುಡುಗಿ ರೇಷ್ಮೆ ಸೀರೆಯಲ್ಲೇ, ಗಂಡಿನವರಿಗೆ ಮಾಡಿದ ಹೋಳಿಗೆಯ ಬುಟ್ಟಿಯ ಪಕ್ಕ ಕುಳಿತಿದ್ದಳು. ಅತ್ತೆ ಮೊಣಕಾಲು ಹಿಡಿದುಕೊಂಡು ಅವಳೆದುರು ನೆಲಕ್ಕೆ ಕುಳಿತಳು.

"ಬೋರ್ಡ್ ಬದಲಿ ಮಾಡಿದ್ವಿ, ಮನಿ ಬದಲಿ ಮಾಡಿದ್ವಿ," ಎಂದಳು ಹುಡುಗಿ. "ಇನ್ನೇನ್ ಬದಲಿ ಮಾಡ್ಬೇಕ್ ಅತ್ತಿ?"

ಅತ್ತೆ ಹೋಳಿಗೆಯೊಂದನ್ನು ಮುರಿದು, ತುಪ್ಪದಲ್ಲಿ ಅದ್ದಿ ಹುಡುಗಿಯ ಬಾಯಿಗೆ ಹಿಡಿದಳು.

"ಏನೂ ಬದಲಿ ಮಾಡಬ್ಯಾಡ. ಬಾಯಿ ತೆಗಿ."

ಹುಡುಗಿ ಅಳುತ್ತಲೇ ತಿಂದಳು. ಅತ್ತೆ ಇನ್ನೊಂದು ಮುರಿಯುತ್ತ, ಬಾಗಿಲ ಕಡೆ ತಿರುಗದೆಯೇ, "ನೀನೂ ಬಾರಪ್ಪಾ, ಮುಂಜಾನಿಂದ ಏನೂ ತಿಂದಿರಂಗಿಲ್ಲ" ಎಂದಳು.

ಕಾರ್ಯದರ್ಶಿ ಬಂದು, ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ, ಅಕ್ಕನ ಪಕ್ಕ ನೆಲಕ್ಕೆ ಕುಳಿತು ಕೈ ಚಾಚಿದರು.