ದೊಡ್ಡಪ್ಪನ ಸನ್ನಡತೆ ಪ್ರಮಾಣಪತ್ರ ಹಿಂದಿರುಗಿಸುವ ಬಗ್ಗೆ

ಇಂದ:
ದರ್ಜಿ,
ಔಷಧಿ ಅಂಗಡಿಯ ಮೇಲಿನ ಮನೆ, ಎರಡನೇ ಅಡ್ಡಬೀದಿ.

ಗೆ:
ಮುಖ್ಯಾಧಿಕಾರಿಗಳು,
ಸಾಕುನಾಯಿ ಪರವಾನಗಿ ಶಾಖೆ, ಮೂರನೇ ಕಿಟಕಿ.

ವಿಷಯ: ಸತ್ತ ನಾಯಿಯ ಸನ್ನಡತೆ ಪ್ರಮಾಣಪತ್ರವನ್ನು ಹಿಂದಿರುಗಿಸಿ, ನಡತೆ ನೆಟ್ಟಗಿಲ್ಲದ ಜೀವಂತ ನಾಯಿಗೆ ಪರವಾನಗಿ ಕೋರಿ.

ಉಲ್ಲೇಖ: 1. ತಮ್ಮ ಕಚೇರಿಯ ಪ್ರಶಂಸಾ ಪತ್ರ. 2. ನಿನ್ನೆ ಕಿಟಕಿಯಲ್ಲಿ ನಡೆದ ಮಾತುಕತೆ. 3. ನನ್ನ ಹೆಂಡತಿಯ ಮೌಖಿಕ ಆದೇಶ.

ಮಾನ್ಯರೇ,

1. ಕೊರಳ ಬಿಲ್ಲೆ ಸಂಖ್ಯೆ 214ರ ನಾಯಿ, ತಮ್ಮ ದಾಖಲೆಯಲ್ಲಿ ‘ಕಂದು, ಮಿಶ್ರ ತಳಿ’, ನಮ್ಮ ಮನೆಯಲ್ಲಿ ‘ದೊಡ್ಡಪ್ಪ’, ಹನ್ನೊಂದು ವರ್ಷ ನನ್ನ ಹೊಲಿಗೆ ಯಂತ್ರದ ಪೆಡಲಿನ ಎಡಭಾಗಕ್ಕೆ ಗದ್ದ ಊರಿ ಮಲಗಿದ್ದ. ಆದ ಕಾರಣ ನನಗೆ ಬಲಗಾಲೊಂದರಲ್ಲೇ ಹೊಲಿದು ರೂಢಿಯಾಯಿತು. ಎರಡು ವರ್ಷದ ಹಿಂದೆ ಆ ಜಾಗ ಖಾಲಿಯಾದರೂ ಎಡಗಾಲು ಪಕ್ಕಕ್ಕೇ ಸರಿದುಕೊಂಡಿತ್ತು.

2. ಅದಾದ ವಾರಕ್ಕೆ ತಮ್ಮ ನವೀಕರಣದ ನಮೂನೆ ಬಂತು. ‘ನಾಯಿ ಜೀವಂತವಾಗಿದೆಯೇ? ಹೌದು/ಇಲ್ಲ. ಅನ್ವಯಿಸದ್ದನ್ನು ಹೊಡೆದುಹಾಕಿ’ ಎಂದಿತ್ತು. ‘ಹೌದು’ ಮೇಲೆ ಪೆನ್ನಿಟ್ಟೆ, ಗೆರೆ ಎಳೆಯಲು ಕೈ ಬರಲಿಲ್ಲ. ಆದ್ದರಿಂದ ‘ಇಲ್ಲ’ ಹೊಡೆದೆ. ಉಳಿದ ಕಲಮುಗಳಲ್ಲಿ ಒಂದೂ ಸುಳ್ಳಿಲ್ಲವೆಂದು ಪ್ರಮಾಣೀಕರಿಸುತ್ತೇನೆ. ಯಾರನ್ನಾದರೂ ಕಚ್ಚುತ್ತದೆಯೇ? ಇಲ್ಲ. ಬೊಗಳಿ ನೆರೆಯವರ ನೆಮ್ಮದಿ ಕೆಡಿಸುತ್ತದೆಯೇ? ಇಲ್ಲ. ಸರಪಳಿಯಿಲ್ಲದೆ ಬೀದಿ ತಿರುಗುತ್ತದೆಯೇ? ನನ್ನ ಕಣ್ಣಿಗೆ ಬಿದ್ದಿಲ್ಲ. ಮರುವರ್ಷವೂ ಇದನ್ನೇ ಬರೆದೆ.

3. ಇದನ್ನು ನಂಬಿ ತಾವು, ಎರಡು ವರ್ಷ ಒಂದೂ ದೂರು ಬಾರದ ಕಾರಣ, ದೊಡ್ಡಪ್ಪನಿಗೆ ‘ಸನ್ನಡತೆಯ ನಾಯಿ’ ಎಂಬ ಪ್ರಮಾಣಪತ್ರ ಕಳುಹಿಸಿದಿರಿ. ಲಕೋಟೆ ಒಡೆದವಳು ನನ್ನ ಹೆಂಡತಿ. ನವೀಕರಣದ ಸಂಗತಿ ಅವಳಿಗೆ ಗೊತ್ತಿರಲಿಲ್ಲ.

“ಬದುಕಿದ್ದಾಗ ಅಂಚೆಯವನ ಪ್ಯಾಂಟು ಹರಿದಿದ್ದಕ್ಕೆ ನಾಲ್ಕು ನೋಟಿಸು. ಈಗ ನೋಡಿ, ಎಂಥ ಮರ್ಯಾದಸ್ಥ ಆಗ್ಬಿಟ್ಟಿದ್ದಾನೆ,” ಎಂದು ನಕ್ಕಳು. ನಗುತ್ತಲೇ ಅತ್ತಳು. ನಾನೂ ಅತ್ತೆ. ಅವನು ಹೋದ ಮೇಲೆ ನಾವಿಬ್ಬರೂ ಒಟ್ಟಿಗೆ ಅತ್ತದ್ದು ಅದೇ ಮೊದಲು. ಆಮೇಲೆ ಮೂಗು ಒರೆಸಿಕೊಂಡು, “ಸುಮ್ನೆ ನೋಡ್ಕೊಂಡು ಬರೋಣ ರೀ,” ಎಂದಳು. ನಾನು ಆಗಲೇ ಚಪ್ಪಲಿ ಮೆಟ್ಟುತ್ತಿದ್ದೆ.

4. ಅನಾಥ ನಾಯಿಗಳ ಆಶ್ರಯಕ್ಕೆ ಹೋದಾಗ ಅಳತೆ ಟೇಪು ನನ್ನ ಕೊರಳಲ್ಲೇ ಉಳಿದಿತ್ತು. ಬಗ್ಗಿದ್ದೇ ತಡ, ಒಂದೂವರೆ ಕಿವಿಯ ಹೆಣ್ಣುನಾಯಿಯೊಂದು ಸರಳುಗಳ ಸಂದಿಯಿಂದ ಅದರ ತುದಿ ಹಿಡಿಯಿತು. ಬಿಡಿಸುವಷ್ಟರಲ್ಲಿ ಹದಿನೇಳು ಇಂಚು ಕಡಿಮೆಯಾಗಿತ್ತು.

“ಇವಳನ್ನ ಆಗ್ಲೇ ಮೂರು ಮನೆಯವರು ವಾಪಸ್ ತಂದು ಬಿಟ್ಟಿದ್ದಾರೆ. ನೀವೂ ಬಿಡೋದಾದ್ರೆ ಈಗ್ಲೇ ಹೇಳ್ಬಿಡಿ,” ಎಂದರು ಅಲ್ಲಿನ ಮೇಡಂ.

“ಸರ್ಟಿಫಿಕೇಟ್ ತಗೊಂಡವನೊಬ್ಬ ನಮ್ಮನೇಲಿದ್ದ. ತಗೊಳ್ಳದೋಳೂ ಒಬ್ಳು ಇರ್ಲಿ,” ಎಂದಳು ಹೆಂಡತಿ.

ಹೆಸರು ತರಲೆ. ಮನೆಗೆ ತಂದ ಮೂವತ್ತು ದಿನದೊಳಗೆ ಪರವಾನಗಿ ತೋರಿಸದಿದ್ದರೆ ಆಶ್ರಯದವರು ಅವಳನ್ನು ಹಿಂದಕ್ಕೊಯ್ಯುತ್ತಾರೆ. ಇಂದು ಇಪ್ಪತ್ತೊಂಬತ್ತನೆಯ ದಿನ.

5. ನಡತೆಯ ಬಗ್ಗೆ ಮುಚ್ಚಿಡುವುದಿಲ್ಲ. ಈಗ ನನ್ನ ಟೇಪು ಹದಿನೆಂಟರಿಂದ ಶುರುವಾಗುತ್ತದೆ. ಹದಿನೇಳು ಕಳೆಯಲು ಮರೆತ ಕಾರಣ ಹಲ್ಲಿನ ಡಾಕ್ಟರ ಕೋಟಿನ ತೋಳು ಅವರ ಮೊಣಕಾಲು ಮುಟ್ಟಿದೆ. ತರಲೆ ಮಲಗುವುದೂ ಪೆಡಲಿನ ಹತ್ತಿರವೇ, ಆದರೆ ಬಲಗಡೆ. ಎಷ್ಟು ಸರಿಸಿದರೂ ಕೇಳುವುದಿಲ್ಲ. ಆದ್ದರಿಂದ ಹದಿಮೂರು ವರ್ಷದ ನಂತರ ನನ್ನ ಎಡಗಾಲು ಕೆಲಸಕ್ಕೆ ಮರಳಿದೆ.

6. ನಿನ್ನೆ ತಮ್ಮ ಗುಮಾಸ್ತರು, “ಒಂದು ಮನೆಗೆ ಒಂದೇ ನಾಯಿ ಸ್ವಾಮಿ. ನಿಮ್ಮಲ್ಲಿ ಆಗ್ಲೇ ಒಂದಿದೆ. ನಮ್ಮ ರಿಜಿಸ್ಟರಲ್ಲೇ ಅಷ್ಟು ಒಳ್ಳೇದು ಇನ್ನೊಂದಿಲ್ಲ,” ಎಂದರು. ಇದ್ದದ್ದು ಇದ್ದಂತೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿ, “ಹಾಗಾದ್ರೆ ಅದನ್ನೇ ಕೈಯಾರೆ ಬರ್ದುಕೊಡಿ. ಬಿಲ್ಲೆನೂ ವಾಪಸ್ ಕೊಡ್ಬೇಕು,” ಎಂದರು.

7. ಆದ್ದರಿಂದ ಕೈಯಾರೆ ಬರೆಯುತ್ತಿದ್ದೇನೆ: ದೊಡ್ಡಪ್ಪ ಸತ್ತುಹೋಗಿದ್ದಾನೆ.

ಈ ಒಂದು ಸಾಲಿಗೆ ನಾಲ್ಕು ಹಾಳೆ ಹಿಡಿದವು. ಮೂರನ್ನು ತರಲೆ ತಿಂದಿದ್ದಾಳೆ.

ಕಾರಣ, ದೊಡ್ಡಪ್ಪನ ಹೆಸರಿಗೆ ಗೆರೆ ಎಳೆದು, ಸಾಧ್ಯವಾದರೆ ಪೆನ್ಸಿಲಿನಲ್ಲಿ, ತರಲೆಗೆ ನಾಳೆಯೊಳಗೆ ಪರವಾನಗಿ ಕೊಡಬೇಕಾಗಿಯೂ, ‘ನಡತೆ’ ಎಂಬ ಕಲಮನ್ನು ಸದ್ಯಕ್ಕೆ ಖಾಲಿ ಬಿಡಬೇಕಾಗಿಯೂ ವಿನಂತಿ.

ತಮ್ಮ ವಿಶ್ವಾಸಿ
(ಕಳೆದ ಎರಡು ವರ್ಷ ಹೊರತುಪಡಿಸಿ),
ದರ್ಜಿ

ಅಡಕಗಳು:
1. ಸನ್ನಡತೆ ಪ್ರಮಾಣಪತ್ರ, ಮೂಲಪ್ರತಿ. (ಒಂದು ಮೂಲೆ ಇಲ್ಲ. ಕಾರಣ: ತರಲೆ.)
2. ತರಲೆಯ ಭಾವಚಿತ್ರ. (ಅಲ್ಲಾಡಿದೆ. ತೆಗೆದ ಎಂಟರಲ್ಲಿ ಇದೇ ವಾಸಿ.)
3. ಬಿಲ್ಲೆ ಸಂಖ್ಯೆ 214.

ವಿಶೇಷ ಸೂಚನೆ: ಅಡಕ 3 ಲಕೋಟೆಯಲ್ಲಿಲ್ಲ, ಹುಡುಕಬೇಡಿ. ಅದು ಹೊಲಿಗೆ ಯಂತ್ರದ ಖಾನೆಯ ಹಿಡಿಯಲ್ಲಿ ತೂಗುತ್ತಿದೆ. ದಾರ ತೆಗೆಯಲು ಖಾನೆ ಎಳೆದಾಗಲೆಲ್ಲ ಸದ್ದಾಗುತ್ತದೆ. ಎರಡು ವರ್ಷ ನಾನು ಬರೆದದ್ದನ್ನು ತಾವು ನಂಬಿದ್ದೀರಿ. ಈಗ ತಾವು ‘ಬಿಲ್ಲೆ ತಲುಪಿದೆ’ ಎಂದು ಬರೆದುಕೊಳ್ಳಬೇಕಾಗಿ ಕೋರುತ್ತೇನೆ. ನಾನು ನಂಬುತ್ತೇನೆ.