ಹುಣಸೆಹಣ್ಣಿನಲ್ಲಿ ತೊಳೆದ ಫಿರಂಗಿ ಗುಂಡು

ಕೆಲಸ ಹೋಗುವುದು ಅಂಥ ದೊಡ್ಡ ಕಷ್ಟವೇನಲ್ಲ. ಕೆಲಸ ಹೋದ ಮೇಲೆ ಊಟಕ್ಕೆ ಕರೆದವರ ಮನೆಗೆ ಹೋಗುವುದಿದೆಯಲ್ಲ, ಅದು ಕಷ್ಟ. ಬ್ಯಾಂಕುಗಳು ಒಂದರ ಹಿಂದೊಂದು ಮಗುಚಿಕೊಂಡ ಆ ವರ್ಷ ನ್ಯೂಯಾರ್ಕಿನ ನಮ್ಮ ಆಫೀಸಿನವರು ನನ್ನ ಕಾಫಿ ಕಪ್ಪು, ನನ್ನ ಹೆಸರಿನ ಫಲಕ ಎರಡನ್ನೂ ರಟ್ಟಿನ ಡಬ್ಬಿಗೆ ಹಾಕಿ, ಲಿಫ್ಟಿನವರೆಗೂ ಬಂದು ಬೀಳ್ಕೊಟ್ಟರು. ಮದುವೆ ಮನೆಯಲ್ಲೂ ನನಗೆ ಅಷ್ಟು ಮರ್ಯಾದೆ ಸಿಕ್ಕಿರಲಿಲ್ಲ. ಆಮೇಲೆ ನಾವಿರುವ ನ್ಯೂಜೆರ್ಸಿಯ ಪ್ಲೇನ್ಸ್‌ಬರೋದಲ್ಲಿ ಯಾರ ಮನೆಗೆ ಹೋದರೂ ತಟ್ಟೆಗೆ ಬಿಸಿಬೇಳೆ ಭಾತ್ ಬೀಳುವುದಕ್ಕೆ ಮೊದಲೇ, "ಮತ್ತೆ, ಈಗ ಏನ್ ಮಾಡ್ತಾ ಇದೀರಿ?" ಎಂಬ ಪ್ರಶ್ನೆ ಬೀಳುತ್ತಿತ್ತು. "ಕನ್ಸಲ್ಟಿಂಗ್" ಎನ್ನುತ್ತಿದ್ದೆ. ಯಾರಿಗೆ ಎಂದು ಯಾರೂ ಕೇಳುತ್ತಿರಲಿಲ್ಲ, ಏಕೆಂದರೆ ಕೇಳಬೇಕಾದವರಲ್ಲಿ ಅರ್ಧ ಜನ ಅದೇ ಕನ್ಸಲ್ಟಿಂಗ್ ಮಾಡುತ್ತಿದ್ದರು.

ಹೀಗಿರುವಾಗ ನನ್ನ ಹೆಂಡತಿ ವಸುಧಾ ಒಂದು ಟೇಬಲ್ ಲ್ಯಾಂಪ್ ತರಲು ನನ್ನನ್ನು ಯಾರದೋ ಮನೆಯ ಹಳೇ ಸಾಮಾನು ಮಾರುವ ಗರಾಜ್ ಸೇಲಿಗೆ ಕಳಿಸಿದಳು. ನಾನು ಮೆಟಲ್ ಡಿಟೆಕ್ಟರ್ ತಂದೆ. ಉದ್ದನೆಯ ಕೋಲು, ಅದರ ತುದಿಗೊಂದು ತಟ್ಟೆ, ಕಿವಿಗೆ ಹೆಡ್‌ಫೋನು. ನೆಲದಡಿಯಲ್ಲಿ ಲೋಹವಿದ್ದರೆ ಕುಂಯ್ ಎನ್ನುತ್ತದೆ. ನ್ಯೂಜೆರ್ಸಿಯ ಈ ಭಾಗದಲ್ಲಿ ಹಿಂದೆ ಸ್ವಾತಂತ್ರ್ಯ ಯುದ್ಧದ ಸೈನ್ಯಗಳು ಓಡಾಡಿವೆ, ನೆಲದೊಳಗೆ ಚರಿತ್ರೆಯೇ ಮಲಗಿದೆ ಎಂದೆಲ್ಲ ಅವಳಿಗೆ ವಿವರಿಸಿದೆ. ಅವಳು, "ಚರಿತ್ರೆ ಮಲಗಿರ್ಲಿ ಬಿಡಿ, ಪಾಪ. ಮೊದ್ಲು ಮನೇಲಿ ಕಳೆದುಹೋಗಿರೋ ಸ್ಪೂನ್‌ಗಳನ್ನ ಹುಡುಕಿ ಕೊಡಿ" ಎಂದಳು. ಸೋಫಾದ ಸಂದಿಯಲ್ಲಿ ಒಂದು ಸಿಕ್ಕಿತು ಕೂಡ. ಆ ಯಂತ್ರದ ಬಗ್ಗೆ ಅವಳು ಒಳ್ಳೆಯ ಮಾತಾಡಿದ್ದು ಅದೊಂದೇ ಸಲ.

ಪಾರ್ಕುಗಳಲ್ಲಿ ಅಗೆಯುವಂತಿಲ್ಲ, ಅಪಾರ್ಟ್‌ಮೆಂಟಿನ ಹುಲ್ಲಿನ ಮೇಲೆ ಗುದ್ದಲಿ ಹಿಡಿದರೆ ಮ್ಯಾನೇಜರ್ ಬಂದು ನಿಲ್ಲುತ್ತಾನೆ. ಕೊನೆಗೆ ಜಾಗ ಕೊಟ್ಟವರು ರಾಬಿನ್ಸ್‌ವಿಲ್‌ನ ನಜೀರ್ ಭಾಯ್. ಮೈಸೂರಿನವರು, ಬೆಲೆ ಕುಸಿಯುವುದಕ್ಕೆ ಸರಿಯಾಗಿ ಮುಂಚೆ ಮನೆ ಕೊಂಡ ಪುಣ್ಯಾತ್ಮರು. ಹಿತ್ತಲು ದೊಡ್ಡದು, ಹಿಂದೆ ಹೊಲವಾಗಿತ್ತಂತೆ. "ಅಗೀರಿ ಸಾರ್, ಎಷ್ಟು ಬೇಕಾದ್ರೂ ಅಗೀರಿ! ಬೇಲಿ ಕಡೆಯಿಂದ ಶುರು ಮಾಡಿ, ಸ್ಟ್ರೇಟ್ ಲೈನಲ್ಲಿ ಬನ್ನಿ" ಎಂದರು. ಆ ಬೇಸಿಗೆಯೆಲ್ಲ ಸ್ಟ್ರೇಟ್ ಲೈನಲ್ಲೇ ಬಂದೆ. ಸೋಡಾ ಮುಚ್ಚಳ, ಮೊಳೆ, ತಗಡು ಬಿಟ್ಟರೆ ಬೇರೇನೂ ಸಿಗಲಿಲ್ಲ. ನಾನು ಅಗೆದ ಸಾಲಿನಲ್ಲೆಲ್ಲ ನಜೀರ್ ಭಾಯ್ ಬದನೆ ಸಸಿ ನೆಟ್ಟುಕೊಂಡು ಬರುತ್ತಿದ್ದಾರೆ ಎಂಬುದು ಬದನೆಕಾಯಿ ಬಿಟ್ಟ ಮೇಲೇ ನನಗೆ ಗೊತ್ತಾದದ್ದು. ಎಣ್ಣೆಗಾಯಿಗೆ ಹೇಳಿ ಮಾಡಿಸಿದಂತಿದ್ದವು, ಅದರಲ್ಲಿ ಎರಡು ಮಾತಿಲ್ಲ.

ನವರಾತ್ರಿ ಹತ್ತಿರ ಬರುವಾಗ ಒಂದು ದಿನ ಡಿಟೆಕ್ಟರ್ ಕುಂಯ್ ಎನ್ನದೆ ಊಳಿಟ್ಟಿತು. ಮೊಣಕಾಲುದ್ದ ಅಗೆದಾಗ ಸಣ್ಣ ತೆಂಗಿನಕಾಯಿಯಷ್ಟು ದಪ್ಪದ ಕಬ್ಬಿಣದ ಗುಂಡು ಸಿಕ್ಕಿತು. ಮೈತುಂಬ ಮಣ್ಣು, ಮಣ್ಣಿನಡಿ ತುಕ್ಕು. ಫಿರಂಗಿ ಗುಂಡು! ನಜೀರ್ ಭಾಯ್ ಎರಡು ಹೆಜ್ಜೆ ಹಿಂದೆ ಸರಿದು, "ಸಾರ್, ಸಿಡಿಯಲ್ಲ ತಾನೆ?" ಎಂದರು. ಹತ್ತಿರದ ಪುಟ್ಟ ಮ್ಯೂಸಿಯಮ್ಮಿಗೆ ಅಲ್ಲಿಂದಲೇ ಫೋನು ಮಾಡಿದೆ. ಅಲ್ಲಿನ ಸ್ವಯಂಸೇವಕಿ ಕ್ಯಾರಲ್ ಎಂಬ ಹಿರಿಯ ಹೆಂಗಸು, ಗುಂಡಿನಲ್ಲಿ ಎಲ್ಲಾದರೂ ತೂತಿದೆಯೇ ಎಂದು ಕೇಳಿದರು. ಇಲ್ಲವೆಂದೆ. ಹಾಗಾದರೆ ಗಟ್ಟಿ ಗುಂಡು, ಅಪಾಯವಿಲ್ಲ, ಶನಿವಾರ ನಿಮ್ಮ ಮನೆಗೇ ಬಂದು ನೋಡುತ್ತೇನೆ ಎಂದರು. ನಿಜವಾದದ್ದೇ ಆದರೆ ಗಾಜಿನ ಪೆಟ್ಟಿಗೆಯಲ್ಲಿಟ್ಟು, ಪಕ್ಕದ ಕಾರ್ಡಿನಲ್ಲಿ ಹುಡುಕಿದವರ ಹೆಸರು ಹಾಕುತ್ತಾರಂತೆ. ಆಫೀಸಿನವರು ಕಿತ್ತುಕೊಟ್ಟ ನನ್ನ ಹೆಸರು ಗಾಜಿನ ಹಿಂದೆ, ದೀಪದ ಕೆಳಗೆ! ಆ ಕಾರ್ಡು ನನಗೆ ಬೇಕೇ ಬೇಕು ಅನ್ನಿಸಿಬಿಟ್ಟಿತು. ಫೋನಿಡುವ ಮುಂಚೆ ಕ್ಯಾರಲ್, "ಪ್ಲೀಸ್, ನಾನು ಬರೋವರೆಗೆ ಅದಕ್ಕೆ ಏನೂ ಮಾಡೋಕೆ ಹೋಗಬೇಡಿ" ಎಂದು ಇಂಗ್ಲಿಷಿನಲ್ಲಿ ಎರಡು ಸಲ ಹೇಳಿದರು.

ಇಲ್ಲಿ ನೀವೇ ನ್ಯಾಯ ಹೇಳಬೇಕು. ನಮ್ಮಲ್ಲಿ ಮನೆಗೆ ಬರುವವರು ಫೋನಿನಲ್ಲಿ ಏನು ಹೇಳುತ್ತಾರೆ? "ಏನೂ ಮಾಡೋಕೆ ಹೋಗ್ಬೇಡಿ, ಸುಮ್ನೆ ನೋಡ್ಕೊಂಡು ಹೋಗ್ತೀವಿ" ಎನ್ನುತ್ತಾರೆ. ಒಂದು ಸಲ ಹಾಗೆಂದವರಿಗೆ ಉಪ್ಪಿಟ್ಟು, ಎರಡು ಸಲ ಎಂದವರಿಗೆ ಕೇಸರಿಭಾತು ಕೂಡ. ಆ ಮಾತನ್ನು ನಿಜವೆಂದು ನಂಬಿ ಬರೀ ನೀರು ಕೊಟ್ಟವರ ಕಥೆ ಊರೆಲ್ಲ ಹರಡುತ್ತದೆ. ಎಂಥ ಸಂಕೋಚದ ಹೆಂಗಸಪ್ಪ, ಅಮೆರಿಕದವರಲ್ಲೂ ಇಂಥವರಿದ್ದಾರಲ್ಲ ಎಂದು ನನಗೆ ಕ್ಯಾರಲ್ ಮೇಲೆ ಗೌರವವೇ ಬಂತು.

ಆಯುಧ ಪೂಜೆಯೂ ಅದೇ ಶನಿವಾರ. ಇಲ್ಲಿ ನಮ್ಮ ಹಬ್ಬಗಳೆಲ್ಲ ಶನಿವಾರಕ್ಕೇ ಬರುತ್ತವೆ, ಪಂಚಾಂಗ ಬೇರೇನಾದರೂ ಹೇಳಿದರೆ ಅದು ಪಂಚಾಂಗದ ಸಮಸ್ಯೆ. ಪ್ರತಿ ವರ್ಷ ಕಾರು, ಲ್ಯಾಪ್‌ಟಾಪು, ತರಕಾರಿ ಹೆರೆಯುವ ಪೀಲರ್‌ಗಳಿಗೆ ಕುಂಕುಮ ಹಚ್ಚಿ ತೃಪ್ತಿಪಟ್ಟ ಮನೆ ನಮ್ಮದು. ಈ ಸಲ ನಿಜವಾದ ಆಯುಧವೇ ಬಂದಿದೆ. ದೇವರ ಪಾತ್ರೆ ಬೆಳಗುವ ಕೆಲಸ ಹೇಗೂ ನಿರುದ್ಯೋಗಿಯದಾಗಿತ್ತು. ದೀಪ, ತಟ್ಟೆ, ಗಂಟೆಗಳ ಜೊತೆ ಗುಂಡನ್ನೂ ಸಿಂಕಿಗೆ ಇಳಿಸಿದೆ. ವಸುಧಾ ಇಣುಕಿ ನೋಡಿ, "ಆ ಯಮ್ಮ ಬೇಡ ಅಂದಿದ್ರಲ್ಲಾ?" ಎಂದಳು. "ಹಾಗಂತಾರೆ ಕಣೇ, ಬಂದೋರು ಹಾಗೇ ಅಲ್ವೇ ಅನ್ನೋದು?" ಎಂದೆ. ಒಂದು ಕ್ಷಣ ಯೋಚಿಸಿ ಅವಳೂ ರವೆ ಹುರಿಯಲು ಹೋದಳು. ಹುಣಸೆಹಣ್ಣು, ಕಲ್ಲುಪ್ಪು, ತೆಂಗಿನ ನಾರು, ಸಾಲದ್ದಕ್ಕೆ ಉಕ್ಕಿನ ಬ್ರಷ್ಷು. ರಟ್ಟೆ ಬಿದ್ದುಹೋಗುವಷ್ಟು ತಿಕ್ಕಿದೆ. ಕಪ್ಪು ಹಕ್ಕಳೆಗಳು ಎದ್ದೆದ್ದು ಸಿಂಕಿನಲ್ಲಿ ಕೊಚ್ಚಿಹೋದಂತೆಲ್ಲ ನನ್ನ ಉತ್ಸಾಹ ಹೆಚ್ಚಿತು. ಕಡೆಗೆ ಕೊಬ್ಬರಿ ಎಣ್ಣೆ ಸವರಿದಾಗ ಅದರಲ್ಲಿ ನನ್ನ ಮುಖ ಕಾಣುತ್ತಿತ್ತು.

ಕ್ಯಾರಲ್ ಬಂದರು. ಬಿಳಿ ಹತ್ತಿ ಕೈಗವಸು ತೊಟ್ಟು ಸಿದ್ಧರಾದರು. ಗುಂಡು ಬೆಳ್ಳಿ ತಟ್ಟೆಯಲ್ಲಿ, ಕುಂಕುಮ ಧರಿಸಿ, ಸೇವಂತಿಗೆ ಹೂವಿನ ನಡುವೆ ಫಳಫಳಿಸುತ್ತ ಕೂತಿತ್ತು. ಅವರು ಬಾಗಿಲಲ್ಲೇ ನಿಂತರು. "ಓ ನೋ" ಎಂದರು, ಕಣ್ಣು ತುಂಬಿಬಂದವು. ಆನಂದಬಾಷ್ಪ ಎಂದುಕೊಂಡು ನಾನು ಕುರ್ಚಿ ಎಳೆದು ಕೊಟ್ಟೆ. ಆ ಹಕ್ಕಳೆಯಲ್ಲೇ ಇತ್ತಂತೆ ಎಲ್ಲ. ಎಲ್ಲಿ ಎರಕ ಹೊಯ್ದದ್ದು, ಎಷ್ಟು ಹಳೆಯದು ಎಂದು ಹೇಳಬಹುದಾಗಿದ್ದ ಗುರುತುಗಳು ನಮ್ಮ ಸಿಂಕಿನ ಮೂಲಕ ಸಮುದ್ರ ಸೇರಿದ್ದವು. "ಏನೂ ಮಾಡಬೇಡಿ ಅಂತ ಹೇಳಿದ್ದೆನಲ್ಲ" ಎಂದರು. ಸಂಕೋಚಕ್ಕೆ ಹೇಳಿದಿರಿ ಅಂದುಕೊಂಡೆವು ಎಂದು ಯಾವ ಬಾಯಲ್ಲಿ ಹೇಳಲಿ? ನಾಚಿಕೆಯಿಂದ ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ನನ್ನ ಕಾರ್ಡು ಕೂಡ ಸಿಂಕಿನಲ್ಲೇ ಹೋಯಿತಲ್ಲ! ವಸುಧಾ ಕೇಸರಿಭಾತು ಮುಂದಿಟ್ಟಳು. ಕ್ಯಾರಲ್ ತಿಂದರು, ಎರಡನೆಯ ಸಲವೂ ಹಾಕಿಸಿಕೊಂಡರು. ಆಮೇಲೆ ಗುಂಡನ್ನು ಮೃದುವಾದ ಬಟ್ಟೆಯಲ್ಲಿ ಸುತ್ತಿ, "ಆದರೂ ಇದು ನಮಗೆ ಉಪಯೋಗಕ್ಕೆ ಬರುತ್ತೆ" ಎಂದು ತೆಗೆದುಕೊಂಡು ಹೋದರು.

ಉಪಯೋಗಕ್ಕೆ ಬಂತು. ಈಗ ಅದು ಮ್ಯೂಸಿಯಮ್ಮಿನಲ್ಲಿ ಗಾಜಿನ ಪೆಟ್ಟಿಗೆಯೊಳಗೆ, ದೀಪದ ಕೆಳಗೆ, ಊರಿನಲ್ಲೇ ಅತ್ಯಂತ ಹೊಳೆಯುವ ಫಿರಂಗಿ ಗುಂಡಾಗಿ ಕೂತಿದೆ. ಪಕ್ಕದಲ್ಲಿ ಕಾರ್ಡು. ಮೇಲೆ ದಪ್ಪ ಅಕ್ಷರದಲ್ಲಿ ನನ್ನ ಪೂರ್ತಿ ಹೆಸರು. ಅದರ ಕೆಳಗೆ ಎರಡು ಸಾಲು: ಹಳೆಯ ವಸ್ತುವನ್ನು ಮನೆಯಲ್ಲಿ ತೊಳೆದರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ. ದಯವಿಟ್ಟು ನೀವು ಹೀಗೆ ಮಾಡಬೇಡಿ. ನಾನು ಅದರ ಫೋಟೋ ತೆಗೆದು ಬಂಧುಬಳಗಕ್ಕೆಲ್ಲ ಕಳಿಸಿದೆ, ಎಲ್ಲರೂ ಅಭಿನಂದಿಸಿದರು. ಫೋಟೋದಲ್ಲಿ ಕಾರ್ಡಿನ ಕೆಳಭಾಗಕ್ಕೆ ಅಡ್ಡ ಬಂದಿರುವುದು ನನ್ನ ಹೆಬ್ಬೆರಳು.